ಸಾವಕ್ಕಜ್ಜಿಯ ಗಂಟೆ

ಬೆಲ್ ಸ್ವಿಚ್ಚು ವೈರಿನ ಸಮೇತ ಹುಲಗೇಶನ ಅಂಗೈಯಲ್ಲಿತ್ತು.

"ನೋಡ್ರಿ ಸಿಸ್ಟರ್, ಬುಡಕ್ಕ ಕಿತ್ತೇನಿ. ಇನ್ನೇನು, ಗ್ವಾಡಿ ಒಡೀಲೇನು?"

ಯಶೋಧರಾ ನಗಲಿಲ್ಲ. ಗಂಟೆ ಇನ್ನೂ ಬಾರಿಸುತ್ತಿತ್ತು. ಅವಳ ಕಿವಿಗೆ ಮಾತ್ರ.

ಹುಬ್ಬಳ್ಳಿಯ ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿ ಬದಿಯ ಹಾಸಿಗೆ ಈಗ ಖಾಲಿ; ಕಿತ್ತ ಸ್ವಿಚ್ಚು ಅದರದೇ. ಅಲ್ಲಿದ್ದ ಸಾವಕ್ಕಜ್ಜಿ ಮಧ್ಯಾಹ್ನ ತಪ್ಪದೆ ಬೆಲ್ ಒತ್ತುತ್ತಿದ್ದಳು. ಯಶೋಧರಾ ಓಡಿ ಹೋದರೆ ಅಜ್ಜಿಗೆ ಏನೂ ಬೇಕಿರುತ್ತಿರಲಿಲ್ಲ. ಆಕ್ಸಿಜನ್ ಪೈಪು ನೋಡಲು ಬಂದ ಟೆಕ್ನಿಷಿಯನ್ ಹುಲಗೇಶ ಅಲ್ಲಿ ನಿಂತಿರುತ್ತಿದ್ದ. "ಬಂದಾನ ನೋಡವಾ. ಒಂದ್ಸಲ ಮಾರಿ ನೋಡಿ ಹೋಗು," ಎನ್ನುತ್ತಿದ್ದಳು ಅಜ್ಜಿ. ಅವನು ಸುಮ್ಮನೆ ಪೈಪು ಒರೆಸುತ್ತಿದ್ದ. ಇವಳು ಸಿರಿಂಜಿನ ಟ್ರೇ ಸರಿಮಾಡುತ್ತಿದ್ದಳು.

ಕೊನೆಯ ದಿನವೂ ಗಂಟೆ ಬಾರಿಸಿತ್ತು. ಅದೇ ಹೊತ್ತಿಗೆ ಶಾಲೆಯಿಂದ ಫೋನು, ಮಗಳು ಸುಮೇಧಾಳಿಗೆ ಜ್ವರ. "ಬಂದ್ನೆಬೇ ಅಜ್ಜಿ!" ಎಂದು ಕೂಗಿದ ಯಶೋಧರಾ ಹೋಗಲಿಲ್ಲ. ಆ ಗಂಟೆ ನರ್ಸುಗಳ ಮೇಜಿನಿಂದ ನಿಲ್ಲುವಂಥದ್ದಲ್ಲ. ಹಾಸಿಗೆಯ ಹತ್ತಿರವೇ ಹೋಗಿ ಗೋಡೆಯ ಹಸಿರು ಗುಂಡಿ ಒತ್ತಬೇಕು. ಅಂದು ಒತ್ತಿದ್ದು ಬೇರೆ ಯಾರೋ. ಅಷ್ಟರಲ್ಲಿ ಅಜ್ಜಿಯ ಉಸಿರು ನಿಂತಿತ್ತು.

ಅಂದಿನಿಂದ ಯಶೋಧರಾ ಆ ಮೂಲೆಗೆ ಕಾಲಿಟ್ಟಿಲ್ಲ.

ಗಂಡ ತೀರಿಕೊಂಡಾಗಿನಿಂದ ಅವಳ ಎದೆಯಲ್ಲಿ ಸದಾ ಅಂಜಿಕೆ. ಬೆಂಗೇರಿಯ ಮನೆಗೆ ಬೀಗ ಹಾಕಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಮತ್ತೆ ಓಡಿ ಬರುತ್ತಾಳೆ. ಅದೇ ಅಂಜಿಕೆ ವಾರ್ಡಿನಲ್ಲಿ ಕೆಲಸಕ್ಕೆ ಬರುತ್ತಿತ್ತು. ಅವಳು ನೋಡಿಕೊಂಡ ಸಲಾಯಿನ್ ಒಮ್ಮೆಯೂ ತಪ್ಪಿದ್ದಿಲ್ಲ. ಆದರೆ ಇಲ್ಲದ ಗಂಟೆ ಕೇಳುವ ತಲೆಯನ್ನು ನಂಬಿ ರೋಗಿಗಳಿಗೆ ಔಷಧ ಕೊಡುವುದು ಹೇಗೆ? ಇವತ್ತೇ ಕೊನೆ, ನಾಳೆ ಮಗಳನ್ನು ಕರೆದುಕೊಂಡು ಅಮ್ಮಿನಬಾವಿಯ ಅಣ್ಣನ ಮನೆಗೆ ಹೋಗುತ್ತೇನೆ ಎಂದು ಹಿರಿಯ ಸಿಸ್ಟರಿಗೆ ಹೇಳಿಬಿಟ್ಟಿದ್ದಳು; ಅದು ವಾರ್ಡಿಗೆಲ್ಲ ಗೊತ್ತಾಗಿತ್ತು.

"ನಿಮಗ ಕೇಳಸಾಕತ್ತಿಲ್ಲೇನ್ರಿ?" ಯಶೋಧರಾ ಕೇಳಿದಳು.

"ಇಲ್ರಿ. ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ?" ಹುಲಗೇಶ ಸ್ವಿಚ್ಚನ್ನು ಜೇಬಿಗಿಳಿಸಿದ. "ಆದ್ರ ನಿಮ್ಮ ಮಾರಿ ನೋಡಿದ್ರ ಗಂಟಿ ಖರೇನ ಬಾರಸಾಕತ್ತೈತಿ. ಕರದಾರಂದ್ರ ಹೋಗಬೇಕ್ರಿ. ನಡೀರಿ, ನಾನೂ ಬರ್ತೇನಿ."

"ಹೆದರಿಕಿ ಇಲ್ಲೇನ್ರಿ ನಿಮಗ?"

"ಐತ್ರಿ. ಅದಕ್ಕ ಜೋಡೀಲೆ ಹೋಗೂಣಂದೆ."

ಉಳಿದ ರೋಗಿಗಳು ಊಟ ಮಾಡಿ ಮಲಗಿದ್ದರು. ಹೆಜ್ಜೆ ಹೆಜ್ಜೆಗೂ ಗಂಟೆ ಜೋರಾಯಿತು. ಹೊರಗೆ ಬಿರುಬಿಸಿಲು, ಆ ಹಾಸಿಗೆಯ ಹತ್ತಿರ ಮಾತ್ರ ಬಾವಿಯ ತಂಪು. ಬೆಳಿಗ್ಗೆ ಆಯಾ ಫಕೀರವ್ವ ಬಿಗಿಯಾಗಿ ಹಾಸಿದ್ದ ಚಾದರದ ಅಂಚಿನಲ್ಲಿ, ಯಾರೋ ಕೂತಂತೆ, ಒಂದು ಗುಳಿ.

ಯಶೋಧರಾ ಆ ಗುಳಿಯ ಕಡೆ ಬಾಗಿದಳು. "ಬಂದೇನಬೇ ಅಜ್ಜಿ. ತಡಾ ಆತು."

ಹಸಿರು ಗುಂಡಿ ಒತ್ತಿದಳು.

"ಹಾಂ, ಈಗ ನಿಂತಿತು ನೋಡ್ರಿ," ಎಂದ ಹುಲಗೇಶ.

ಅವಳು ಗಕ್ಕನೆ ತಿರುಗಿದಳು. "ಕೇಳಸೂದಿಲ್ಲ ಅಂದಿದ್ರೆಲ್ಲ?"

ಅವನ ಹಣೆಯ ಮೇಲೆ ಬೆವರು. "ಖರೇನ ಕೇಳಸ್ತಿರಲಿಲ್ರಿ. ಹಾದ್ಯಾಗ ನೀವು ನನ್ನ ಕೈ ಹಿಡದ್ರೆಲ್ಲ... ಆವಾಗಿಂದ."

ಅವಳು ಕೆಳಗೆ ನೋಡಿದಳು. ತನ್ನ ಬೆರಳುಗಳು ಅವನ ಬೆರಳಲ್ಲಿ ಹೆಣೆದುಕೊಂಡಿದ್ದವು. ಯಾವಾಗ ಹಿಡಿದೆನೋ ಅವಳಿಗೇ ತಿಳಿಯದು.

"ನಾಳೆ ಅಮ್ಮಿನಬಾವಿಗೆ ಹೊಂಟೀರೇನ್ರಿ?" ಅವನು ಮೆಲ್ಲಗೆ ಕೇಳಿದ.

"ಇಲ್ರಿ. ಸುಮೇಧಾನ್ನ ಸಾಲಿಗೆ ಬಿಟ್ಟು ಡ್ಯೂಟಿಗೆ ಬರ್ತೇನಿ." ಎಷ್ಟೋ ದಿನದ ಮೇಲೆ ಅವಳ ತುಟಿಯಲ್ಲಿ ನಗು ಇಣುಕಿತು. "ಈಗ ಕೈ ಬಿಡ್ರಿ, ಯಾರರೆ ನೋಡ್ಯಾರು."

"ಬಿಟ್ರ ಅಜ್ಜಿ ಮತ್ತ ಬಾರಸ್ತಾಳ್ರಿ."

ಅವಳು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಹಾಗೆಯೇ ಹೊರಳಿ ನಡೆದರು. ಹಿಂದೆ ಚಾದರದ ಗುಳಿ, ಯಾರೋ ಎದ್ದು ಹೋದಂತೆ, ನಿಧಾನವಾಗಿ ಸಮವಾಯಿತು.