ಕೋಪಿಷ್ಠನ ಸೀಸೆ

ಬೆಳಗಿನ ಕಾಫಿ ಹಿಡಿದು ಹಿಂದಿನ ಬಾಲ್ಕನಿಯಲ್ಲಿ ನಿಂತಿದ್ದ ಕರಡಪ್ಪ ಕೆಳಗಿನ ಅಂಗಳದಲ್ಲಿ ಒಬ್ಬ ಓಡಿದ್ದನ್ನು ಕಂಡರು. ಓಡಿದವನು ಕಟ್ಟಡದ ಯಜಮಾನಮ್ಮನ ತಂಗಿಯ ಮಗ. ಮೂಗುಬಾಯಿಗೆ ಒದ್ದೆ ಟವೆಲ್ ಬಿಗಿದುಕೊಂಡು, ಬಟ್ಟೆ ಒಗೆಯುವ ಕೋಣೆಯ ಮುಚ್ಚಿದ ಬಾಗಿಲನ್ನು ದೂಡಿ ಒಳನುಗ್ಗಿದ. ಮರುಗಳಿಗೆಯಲ್ಲೇ ತನ್ನ ದೊಡ್ಡಮ್ಮನ ಕಂಕುಳಿಗೆ ಕೈಕೊಟ್ಟು ಎಳೆದುಕೊಂಡು ಹೊರಬಂದ. ಆಕೆಯ ತಲೆ ಜೋತಾಡುತ್ತಿತ್ತು. ತೆರೆದ ಬಾಗಿಲಿನಿಂದ ಘಾಟು ಮೆಲ್ಲಗೆ ಹೊರಬಿದ್ದು ಮಹಡಿಗೇರಿದಾಗ ಕರಡಪ್ಪನ ಕಣ್ಣಲ್ಲೂ ನೀರು ಬಂತು.

ಅವರು ಕೆಳಗಿಳಿಯುವಷ್ಟರಲ್ಲಿ ಅಂಗಳ ತುಂಬಿತ್ತು. ನೆಲಮಹಡಿಯ ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದಿದ್ದ. ಎರಡನೇ ಮಹಡಿಯ ಪಿಟೀಲು ಮೇಷ್ಟ್ರು ಕರವಸ್ತ್ರ ಮೂಗಿಗೊತ್ತಿಕೊಂಡು ಗೋಡೆಗೆ ಆತು ನಿಂತಿದ್ದರು. ತಂಗಿಯ ಮಗ ಯಾರನ್ನೂ ಹತ್ತಿರ ಬರಗೊಡದೆ ಕೋಣೆಯೊಳಗೆ ಬಕೆಟ್ಟುಗಟ್ಟಲೆ ನೀರು ಎರಚಿದ. ಆಮೇಲೆ ದೊಡ್ಡಮ್ಮನಿಗೆ ಚಳಿಯಾಗುತ್ತದೆಂದು ಮೇಲೆ ಓಡಿ ಕಂಬಳಿ ತಂದು ಹೊದಿಸಿದ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಉಸಿರಿದೆ, ಆದರೆ ಎದೆಗೆ ಕೆಟ್ಟ ಗಾಳಿ ಹೋಗಿದೆ ಎಂದು ಬಂದವರು ಹೇಳಿ, ಆಮ್ಲಜನಕದ ಮುಸುಕು ಹಾಕಿ ಕರೆದೊಯ್ದರು. ಹುಡುಗ ಇಲ್ಲದಿದ್ದರೆ ಯಜಮಾನಮ್ಮ ಇವತ್ತಿಗೆ ಇಲ್ಲ ಎಂದು ಎಲ್ಲರೂ ಮಾತಾಡಿಕೊಂಡರು.

ಘಾಟು ಆರಿದ ಮೇಲೆ ಒಳಗೆ ಮೊದಲು ಕಾಲಿಟ್ಟವರು ಕರಡಪ್ಪ. ಅಲ್ಲಿ, ಒಗೆಯುವ ಕಲ್ಲಿನ ಮೇಲೆ, ಅಗಲ ಬಾಯಿಯ ಒಂದು ಗಾಜಿನ ಸೀಸೆ ಮುಚ್ಚಳವಿಲ್ಲದೆ ನಿಂತಿತ್ತು. ಪಕ್ಕದ ಸೋಪಿನ ಡಬ್ಬಿಯಲ್ಲಿ ನೀರು ತುಂಬಿ ಸೋಪು ತೇಲುತ್ತಿತ್ತು. ಸೀಸೆಗೆ ಅಂಟಿಸಿದ ಚೀಟಿಯಲ್ಲಿ ನೀಲಿ ಶಾಯಿಯ ದುಂಡನೆಯ ಅಕ್ಷರ: ಕೋಪಿಷ್ಠ.

ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. ಬೇಕರಿಯವನ ಮಗಳು ಶಾಲೆಯ ಕೊನೆಯ ತರಗತಿಗಳಲ್ಲಿದ್ದಳು. ತಾರಸಿಯ ಮೇಲಿನ ಪುಟ್ಟ ಕೋಣೆಯನ್ನು ಯಜಮಾನಮ್ಮನಿಂದ ಕೇಳಿ ಪಡೆದು, ಅಡುಗೆಮನೆಯ ಸಾಮಾನುಗಳಲ್ಲೇ ಪ್ರಯೋಗ ಮಾಡುತ್ತಿದ್ದಳು. ನೇರಳೆ ಎಲೆಕೋಸು ಕುದಿಸಿದ ನೀರಲ್ಲಿ ಕಾಗದ ಅದ್ದಿ ಒಣಗಿಸುತ್ತಿದ್ದಳು. ಆ ಕಾಗದ ಹುಳಿ ತಾಕಿದರೆ ಕೆಂಪಾಗುತ್ತಿತ್ತು, ಸೋಪಿನ ನೀರು ತಾಕಿದರೆ ಹಸಿರಾಗುತ್ತಿತ್ತು. ಕಟ್ಟಡದ ಮಕ್ಕಳೆಲ್ಲ ಭಾನುವಾರ ಅದನ್ನು ನೋಡಲು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಅವಳ ಸೀಸೆಗಳಿಗೆಲ್ಲ ಅಡ್ಡಹೆಸರು. ನಿಂಬೆರಸಕ್ಕೆ ಮುಖಕಿವುಚಿ, ವಿನೆಗರ್‌ಗೆ ಹುಳಿಮೂತಿ, ಉಪ್ಪುನೀರಿಗೆ ಅಳುಬುರುಕ.

"ಕೋಪಿಷ್ಠ ಅಂತ ಅವಳೇ ಬರೆದಿದ್ದಾಳೆ. ಇನ್ನೇನು ಸಾಕ್ಷಿ ಬೇಕು?" ಎಂದರು ಪಿಟೀಲು ಮೇಷ್ಟ್ರು. ತಾರಸಿಯಿಂದ ಬರುವ ವಾಸನೆಯ ಬಗ್ಗೆ ಅವರು ಮೊದಲಿನಿಂದಲೂ ಗೊಣಗುತ್ತಿದ್ದವರು. ಹುಡುಗಿ ಯಾವುದೋ ಆಸಿಡ್ಡನ್ನು ಕೆಳಗೆ ಬಿಟ್ಟುಹೋಗಿದ್ದಾಳೆ, ಯಜಮಾನಮ್ಮ ಗೊತ್ತಿಲ್ಲದೆ ಅದಕ್ಕೆ ಬಟ್ಟೆಯ ಬ್ಲೀಚ್ ಸೇರಿಸಿದ್ದಾರೆ ಎಂದು ಅಂಗಳದಲ್ಲೇ ತೀರ್ಮಾನವಾಯಿತು. ತಂಗಿಯ ಮಗ ದೊಡ್ಡ ಮನಸ್ಸು ಮಾಡಿದವನಂತೆ, ಮಕ್ಕಳ ವಿಷಯ, ಪೊಲೀಸರು ಬೇಡ, ತಾರಸಿಯ ಕೋಣೆ ಖಾಲಿಯಾದರೆ ಸಾಕು ಎಂದ. ಹುಡುಗಿ ತಂದೆಯ ಹಿಂದೆ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಎಲ್ಲರೂ ತನ್ನತ್ತ ತಿರುಗಿದ್ದನ್ನು ಕಂಡು ಮುಚ್ಚಿಕೊಂಡಳು.

ಮಧ್ಯಾಹ್ನ ಬೇಕರಿಯವನು ಕರಡಪ್ಪನನ್ನು ಜೊತೆಗೆ ಕರೆದುಕೊಂಡು ಕಿಡಿಯಮ್ಮನ ಬಾಗಿಲು ತಟ್ಟಿದ. ಕಿಡಿಯಮ್ಮ ಮೂವತ್ತು ವರ್ಷ ಅಗ್ನಿಶಾಮಕ ದಳದಲ್ಲಿದ್ದವರು. ಬೆಂಕಿ ಆರಿಸುವುದಲ್ಲ, ಆರಿದ ಬೂದಿಯ ಮುಂದೆ ಕೂತು ಕಿಡಿ ಎಲ್ಲಿಂದ ಬಂತೆಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಕಟ್ಟಡದಲ್ಲಿ ಕೀಲಿ ಕಳೆದರೆ, ಬೆಕ್ಕು ಕಾಣೆಯಾದರೆ ಅವರೇ ಗತಿ. ಪಕ್ಕದ ಮನೆಯ ಕರಡಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಕಿಡಿಯಮ್ಮ ಯಾವುದಕ್ಕೆ ಕೈಹಾಕಿದರೂ ಅವರು ಹಿಂದೆ ಚೀಲ ಹಿಡಿದು ಹೋಗುವುದು ರೂಢಿ.

ಬೇಕರಿಯವನು ಕೂರಲಿಲ್ಲ. "ಅವಳು ಊಟ ಬಿಟ್ಟಿದ್ದಾಳೆ ಕಿಡಿಯಮ್ಮ. ಸೀಸೆಗಳನ್ನೆಲ್ಲ ತೊಳೆದು ಅಡುಗೆಮನೆಗೆ ತಂದಿಟ್ಟುಬಿಟ್ಟಳು. ಮುಂದೆ ವಿಜ್ಞಾನ ತಗೊಳ್ಳಲ್ಲ ಅಂತಾಳೆ. ತಾರಸಿ ಕೋಣೆ ಬಿಡೋದಾದರೆ ಬಿಡ್ತೀವಿ. ಆದರೆ ತಾನೇ ಒಬ್ಬರ ಜೀವಕ್ಕೆ ಕುತ್ತು ತಂದೆ ಅಂತ ಅಂದ್ಕೊಂಡು ನನ್ನ ಮಗಳು ಬೆಳೆಯೋದು ಬೇಡ," ಎಂದ.

"ಅವಳನ್ನ ಯಾರಾದರೂ ಏನಾದರೂ ಕೇಳಿದರಾ?" ಎಂದರು ಕಿಡಿಯಮ್ಮ.

ಬೇಕರಿಯವನು ತಲೆ ತಗ್ಗಿಸಿದ. ತಾನೂ ಕೇಳಿರಲಿಲ್ಲ.

ಕಿಡಿಯಮ್ಮ ಮೊದಲು ಒಗೆಯುವ ಕೋಣೆಗೆ ಹೋದರು. ಬಹಳ ಹೊತ್ತು ಏನನ್ನೂ ಮುಟ್ಟದೆ ನಿಂತರು. ಆ ಕೋಣೆಗೆ ಅಂಗಳದ ಕಡೆ ಒಂದೇ ಕಿಟಕಿ. ಅದರ ಚಿಲಕ ಮುರಿದು ಯಾವ ಕಾಲವೋ ಆಗಿತ್ತು, ಸದಾ ತೆರೆದೇ ಇರುತ್ತಿತ್ತು. ಈಗ ಅದು ಮುಚ್ಚಿತ್ತು. ಸಂದಿಗೆ ಹೊರಗಿನಿಂದ ಮಡಚಿದ ರಟ್ಟಿನ ತುಂಡು ತುರುಕಿದ್ದರು. ಕರಡಪ್ಪ ಅದನ್ನು ಎಳೆದು ಮೂಸಿದರು. ಪಿಟೀಲು ಕಮಾನಿಗೆ ಉಜ್ಜುವ ರಾಳದ ವಾಸನೆ. ಅವರಿಗೆ ಅಪರಾಧಿ ಸಿಕ್ಕಷ್ಟೇ ಸಂಭ್ರಮವಾಯಿತು. ಕಿಡಿಯಮ್ಮ ಮಾತ್ರ ಬಾಗಿಲ ಹಿಂದಿನ ಮೂಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಅಲ್ಲಿ ನೆಲದ ಬಿಲ್ಲೆಗಳು ಗಡಸು ನೀರಿನ ಕಲೆ ಕೂತು ಹಳೇ ಹಲ್ಲಿನಂತೆ ಹಳದಿಯಾಗಿದ್ದವು. ಈಗ ಒಂದು ಮೊರದಗಲ ಜಾಗ ಹಾಲುಹಲ್ಲಿನಂತೆ ಹೊಳೆಯುತ್ತಿತ್ತು.

"ಈ ಕಲೆ ತೆಗೆಯೋಕೆ ಯಜಮಾನಮ್ಮ ಎಷ್ಟು ಸಲ ಉಜ್ಜಿದ್ದಾರೆ, ನಿಮಗೆ ಗೊತ್ತಲ್ಲ," ಎಂದಷ್ಟೇ ಹೇಳಿ ಎದ್ದರು.

ಆಮೇಲೆ ಕರಡಪ್ಪನನ್ನು ಕೂರಿಸಿಕೊಂಡು, ಬಾಲ್ಕನಿಯಿಂದ ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಎರಡೆರಡು ಸಲ ಹೇಳಿಸಿದರು. ಸೀಸೆಯ ಬಗ್ಗೆಯೂ ಕೇಳಿದರು. ಅಕ್ಷರ ಹೇಗಿತ್ತು, ಶಾಯಿ ಹೇಗಿತ್ತು? ಮುದ್ರಿಸಿದಷ್ಟು ಸ್ಪಷ್ಟವಾಗಿತ್ತು, ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ ಎಂದು ಕರಡಪ್ಪ ತಮ್ಮ ಕಸುಬಿನ ಹೆಮ್ಮೆಯಿಂದ ಹೇಳಿದರು. ಕಿಡಿಯಮ್ಮ ಆ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಬೀರುವಿನಲ್ಲಿಟ್ಟರು. ಸಂಜೆ ಹುಡುಗಿಯ ಜೊತೆ ಒಬ್ಬರೇ ಕೂತು ಮಾತಾಡಿದರು. ಹೊರಬಂದಾಗ ಅವರ ಮುಖದಲ್ಲಿ ನಗುವಿತ್ತು. ಏನೆಂದು ಕರಡಪ್ಪ ಕೇಳಿದರೆ, ನಾಳೆ ಎಲ್ಲರಿಗೂ ಒಟ್ಟಿಗೇ ಹೇಳುವೆ ಎಂದರು.

ಮರುದಿನ ಮಧ್ಯಾಹ್ನ ರೊಟ್ಟಿಗಳೆಲ್ಲ ಮಾರಾಟವಾದ ಮೇಲೆ ಬೇಕರಿಯ ಅರ್ಧ ಬಾಗಿಲು ಎಳೆದು ಎಲ್ಲರೂ ಸೇರಿದರು. ಒಲೆಯ ಕಾವು ಇನ್ನೂ ಆರಿರಲಿಲ್ಲ. ಪಿಟೀಲು ಮೇಷ್ಟ್ರು ಹಿಟ್ಟಿನ ಮೂಟೆಯ ಮೇಲೆ ಕರವಸ್ತ್ರ ಹಾಸಿ ಕೂತರು. ತಂಗಿಯ ಮಗ ಆಸ್ಪತ್ರೆಯಿಂದ ನೇರ ಬಂದಿದ್ದ. ದೊಡ್ಡಮ್ಮ ಕಣ್ಣು ಬಿಟ್ಟಿದ್ದಾರೆ, ಜೀವಕ್ಕೆ ಭಯವಿಲ್ಲವಂತೆ ಎಂದಾಗ ಎಲ್ಲರಿಗೂ ಉಸಿರು ಬಂದಂತಾಯಿತು.

ಕಿಡಿಯಮ್ಮ ರಟ್ಟಿನ ತುಂಡನ್ನು ಮೇಷ್ಟ್ರ ಮುಂದಿಟ್ಟರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಗಾಳಿಗೆ ಕಿಟಕಿ ಪಟಪಟ ಬಡಿಯುತ್ತಿತ್ತು, ಪಿಟೀಲು ಅಭ್ಯಾಸಕ್ಕೆ ಅಡ್ಡಿಯಾಗಿ ಹಿಂದಿನ ಸಂಜೆ ರಟ್ಟು ತುರುಕಿದೆ, ಹೀಗಾಗುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದು ತೊದಲಿದರು.

"ಅದು ನನಗೆ ಗೊತ್ತು ಮೇಷ್ಟ್ರೇ. ನೀವು ಗಾಳಿ ಕಟ್ಟಿದಿರಿ, ಅಷ್ಟೆ. ವಿಷ ಮಾಡಿದವರು ಬೇರೆ," ಎಂದು ಕಿಡಿಯಮ್ಮ ಸೀಸೆಯನ್ನು ಮೇಜಿನ ನಡುವೆ ಇಟ್ಟರು. ತಳದಲ್ಲಿ ಒಂದಿಷ್ಟು ದ್ರವ ಉಳಿದಿತ್ತು. "ಮಗಳೇ, ಈ ಕೋಪಿಷ್ಠ ಯಾರು, ಎಲ್ಲರಿಗೂ ತೋರಿಸು."

ಹುಡುಗಿ ಮುಂದೆ ಬಂದಳು. ಎಲೆಕೋಸಿನ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದಳು. ಆಸಿಡ್ಡಾದರೆ ಕೆಂಪಾಗಬೇಕಿತ್ತು. ಕಾಗದ ನೀಲಿಗೆ ತಿರುಗಿತು. ಆಮೇಲೆ ಅವಳು ಒಂದು ಚಮಚ ವಿನೆಗರ್ ಹನಿಸಿದ್ದೇ ತಡ, ಸೀಸೆಯೊಳಗೆ ನೊರೆ ಭುಸ್ಸೆಂದು ಉಕ್ಕಿ ಬಾಯಿಯವರೆಗೆ ಬಂದು ಇಳಿಯಿತು. ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ.

"ಅಡುಗೆ ಸೋಡಾ," ಎಂದ. "ನಾನು ದಿನಾ ಬಿಸ್ಕತ್ತಿಗೆ ಹಾಕ್ತೀನಿ."

"ಒಂದು ಹನಿ ಹುಳಿ ತಾಗಿದರೂ ಉರಿದು ಬೀಳ್ತಾನೆ, ಅದಕ್ಕೇ ಕೋಪಿಷ್ಠ," ಎಂದಳು ಹುಡುಗಿ. ಎರಡು ದಿನದಲ್ಲಿ ಅವಳು ನಾಲ್ಕು ಜನರೆದುರು ಆಡಿದ ಮೊದಲ ಮಾತು ಅದು.

ಕಿಡಿಯಮ್ಮ ಮುಂದುವರಿಸಿದರು. ಸೋಡಾ ನೀರಿಗೆ ಬ್ಲೀಚ್ ಸೇರಿಸಿದರೆ ಆ ಘಾಟು ಹುಟ್ಟುವುದಿಲ್ಲ. ಅದು ಹುಟ್ಟಬೇಕಾದರೆ ಬ್ಲೀಚಿಗೆ ಕಡುವಾದ ಆಸಿಡ್ ಸೇರಬೇಕು. ಕಕ್ಕಸು ತೊಳೆಯುವ ಸೀಸೆಯಲ್ಲಿರುವಂಥದ್ದು. ಆಗ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಕೋಣೆಯಲ್ಲಿ ಅದು ಯಮ. ಹಳದಿ ಮೂಲೆ ಬೆಳ್ಳಗಾದದ್ದೂ ಆ ಆಸಿಡ್ಡಿನಿಂದಲೇ. ಅಂದರೆ ಅಲ್ಲಿ ಯಾರೋ ಎರಡನ್ನೂ ಬೆರೆಸಿ ಕಲೆ ಉಜ್ಜುತ್ತಿದ್ದರು. ಹಾಗಾದರೆ ಈ ಪಾಪದ ಸೀಸೆ ಅಲ್ಲಿಗೆ ಬಂದದ್ದು ಹೇಗೆ?

"ಕರಡಪ್ಪನವರೇ, ನೀವು ಚೀಟಿ ಓದಿದಿರಿ. ಓದೋಕೆ ಆಗಿದ್ದು ಹೇಗೆ ಅಂತ ಯೋಚಿಸಲಿಲ್ಲ. ಬಕೆಟ್ಟುಗಟ್ಟಲೆ ನೀರು ಬಿದ್ದ ಕೋಣೆ ಅದು. ಪಕ್ಕದ ಡಬ್ಬಿಯಲ್ಲಿ ಸೋಪು ತೇಲ್ತಾ ಇತ್ತು. ಶಾಯಿಯಲ್ಲಿ ಬರೆದ ಚೀಟಿ ಮಾತ್ರ ಒಣಗಿತ್ತು."

ಕರಡಪ್ಪ ಹಣೆ ಚಚ್ಚಿಕೊಂಡರು. ಸೀಸೆ ಬಂದದ್ದು ನೀರು ಎರಚಿದ ಮೇಲೆ. ತಾರಸಿಯ ಕೋಣೆಯ ಕೀಲಿ ತೂಗಾಡುವುದು ಯಜಮಾನಮ್ಮನ ಅಡುಗೆಮನೆಯಲ್ಲಿ. ನೀರು ಎರಚಿದ ಮೇಲೆ ಮಹಡಿಗೆ ಹೋಗಿ ಬಂದವನು, ಕೈಯಲ್ಲಿ ಮಡಚಿದ ಕಂಬಳಿ ಹಿಡಿದು ಬಂದವನು, ಒಬ್ಬನೇ.

ಬೇಕರಿಯಲ್ಲಿ ಎಲ್ಲರ ಕಣ್ಣೂ ತಂಗಿಯ ಮಗನ ಮೇಲೆ ನೆಟ್ಟವು.

"ಇನ್ನೂ ಒಂದಿದೆ," ಎಂದರು ಕಿಡಿಯಮ್ಮ, ದನಿ ತಗ್ಗಿಸಿ. "ನೀನು ಅಂಗಳ ದಾಟಿ ಬಂದಾಗ ಬಾಗಿಲು ಮುಚ್ಚಿತ್ತು. ಯಾರ ಮೂಗಿಗೂ ಘಾಟು ತಾಕಿರಲಿಲ್ಲ. ಆದರೆ ನಿನ್ನ ಮುಖದ ಮೇಲೆ ಆಗಲೇ ಒದ್ದೆ ಟವೆಲ್ ಇತ್ತು. ಒಳಗೆ ಏನಿದೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಬರೋಕೆ ಸಾಧ್ಯ."

ಅವನು ಹಿಟ್ಟಿನ ಮೇಜಿನ ಮೇಲೆ ಮೊಣಕೈ ಊರಿ ಮುಖ ಮುಚ್ಚಿಕೊಂಡ. ಕೆಲಸವಿಲ್ಲದೆ ದೊಡ್ಡಮ್ಮನ ಮನೆಯಲ್ಲಿ ಉಣ್ಣುತ್ತಿದ್ದವನು ಅವನು. ತಾರಸಿಯಲ್ಲಿ ಹುಡುಗಿಯ ಬಣ್ಣದಾಟ ನೋಡಿ ಅವನಿಗೂ ಆಸೆ ಹುಟ್ಟಿತಂತೆ. ಮನೆಯಲ್ಲಿರುವ ಸಾಮಾನಿಂದಲೇ ಯಾವ ಕಲೆಯನ್ನೂ ಬಿಡಿಸುವ ದ್ರವ ಕಂಡುಹಿಡಿದು, ಅಂಗಡಿಗಳಿಗೆ ಹಾಕಿ, ದಂಡಪಿಂಡ ಎನ್ನುವವರ ಬಾಯಿ ಮುಚ್ಚಿಸಬೇಕೆಂದುಕೊಂಡ. ಬ್ಲೀಚೂ ಕಕ್ಕಸಿನ ಆಸಿಡ್ಡೂ ಒಂದೊಂದೇ ಬಿಡಿಸುವ ಕಲೆಗಿಂತ ಎರಡೂ ಸೇರಿದರೆ ಹೆಚ್ಚು ಬಿಡಿಸುತ್ತವೆ ಎಂಬುದು ಅವನ ಲೆಕ್ಕ. ಬೆರೆಸಿದೊಡನೆ ಗಂಟಲು ಕಟ್ಟಿತು. ಬಾಗಿಲೆಳೆದುಕೊಂಡು ಟವೆಲ್ ನೆನೆಸಲು ಓಡಿದ. ಹಿಂದಿರುಗುವಷ್ಟರಲ್ಲಿ, ಒಗೆಯುವ ಬಟ್ಟೆ ಹಿಡಿದು ದೊಡ್ಡಮ್ಮ ಒಳಗೆ ಹೋಗಿಯಾಗಿತ್ತು, ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತ್ತು. ಒಳಗಿಂದ ಅವರ ಕೆಮ್ಮು ಕೇಳಿ ನುಗ್ಗಿದ.

"ಅವರು ಸತ್ತೇಹೋದರು ಅಂದ್ಕೊಂಡೆ," ಎಂದ. "ಹೆದರಿಬಿಟ್ಟೆ. ಹೆಸರು ನೋಡಿ ಆ ಸೀಸೆಯನ್ನ ಕಂಬಳಿಯೊಳಗೆ ಮುಚ್ಚಿ ತಂದು, ಎಲ್ಲರ ಗಮನ ದೊಡ್ಡಮ್ಮನ ಮೇಲಿದ್ದಾಗ ಕಲ್ಲಿನ ಮೇಲಿಟ್ಟೆ."

"ಬೆರೆಸಿದ್ದು ನಿನ್ನ ಅಜ್ಞಾನ. ಸತ್ತರೂ ಸರಿ ಅಂತ ಒಳಗೆ ನುಗ್ಗಿದ್ದು ನಿನ್ನ ಪ್ರೀತಿ. ಎರಡನ್ನೂ ಒಪ್ಪಿಕೊಳ್ತೀನಿ," ಎಂದರು ಕಿಡಿಯಮ್ಮ. "ಆದರೆ ಈ ಮಗು ಎರಡು ದಿನ ಊಟ ಬಿಟ್ಟಿತಲ್ಲ, ಅದಕ್ಕೆ ನೀನು ಏನು ಹೇಳ್ತೀಯೋ ನನಗೆ ಗೊತ್ತಿಲ್ಲ. ನನಗಲ್ಲ, ಅವಳಿಗೆ ಹೇಳು."

ಅವನು ಎದ್ದು ಹುಡುಗಿಯ ಮುಂದೆ ನಿಂತ. ತಪ್ಪಾಯಿತು ಎಂದ. ಹುಡುಗಿ ನೊರೆ ಇಳಿದ ಸೀಸೆಯನ್ನೆತ್ತಿಕೊಂಡು ತಂದೆಯ ಪಕ್ಕಕ್ಕೆ ಸರಿದಳು. ಬೇಕರಿಯವನ ಮುಷ್ಟಿ ಬಿಗಿದಿತ್ತು. ಕರಡಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು.

ಸಂಜೆ ತಂಗಿಯ ಮಗ ಆಸ್ಪತ್ರೆಗೆ ಹೋಗಿ, ದೊಡ್ಡಮ್ಮನ ಹಾಸಿಗೆಯ ಬಳಿ ನಿಂತು ಎಲ್ಲವನ್ನೂ ತಾನೇ ಹೇಳಿಕೊಂಡ. ಜೊತೆಗೆ ಹೋಗಿದ್ದ ಕರಡಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಯಜಮಾನಮ್ಮ ಒಡೆದ ದನಿಯಲ್ಲಿ ಕೇಳಿದರು: "ಆ ಮೂಲೆ ಬೆಳ್ಳಗಾಯ್ತಾ?"

"ಆಯ್ತು ದೊಡ್ಡಮ್ಮ."

"ಸುಡುಗಾಡು," ಎಂದು ಅವರು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರು ಇಳಿಯಿತು. ಕೈ ಮಾತ್ರ ಅವನ ಕೈಯನ್ನು ಬಿಡಲಿಲ್ಲ.

ಮನೆಗೆ ಬಂದ ಯಜಮಾನಮ್ಮ ಮೊದಲು ಮಾಡಿದ ಕೆಲಸ, ತಾರಸಿಯ ಕೋಣೆಯ ಕೀಲಿಯನ್ನು ಹುಡುಗಿಯ ಕೈಗೇ ಕೊಟ್ಟದ್ದು. ಆ ಕೋಣೆಗೆ ಎರಡನೇ ಕಿಟಕಿ ಬೇಕು, ಅದನ್ನು ಕೂರಿಸುವವನು ತಂಗಿಯ ಮಗನೇ ಆಗಬೇಕು, ಮುಗಿದ ಮೇಲೆ ಅವನೂ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಮೊದಲಿನಿಂದ ಕಲಿಯಬೇಕು ಎಂದರು. ಪಿಟೀಲು ಮೇಷ್ಟ್ರು ಯಾರೂ ಕೇಳದಿದ್ದರೂ ಒಗೆಯುವ ಕೋಣೆಯ ಕಿಟಕಿಗೆ ಕೊಕ್ಕೆ ಹಾಕಿಸಿದರು, ತೆರೆದೇ ನಿಲ್ಲುವಂಥ ಕೊಕ್ಕೆ.

ಭಾನುವಾರ ತಂಗಿಯ ಮಗ ಕಿಟಕಿಯ ಚೌಕಟ್ಟು ಹೊತ್ತು, ಉಳಿ ಸುತ್ತಿಗೆ ಹಿಡಿದು ಮೆಟ್ಟಿಲು ಹತ್ತಿದ. ಕಿಡಿಯಮ್ಮನೂ ಕರಡಪ್ಪನೂ ತಾರಸಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಹೊಸ್ತಿಲಾಚೆಯೇ ತಡೆದು ನಿಂತ. ಕರಡಪ್ಪ ಏನೋ ಹೇಳಹೊರಟರೆ ಕಿಡಿಯಮ್ಮ ಅವರ ತೋಳು ಚಿವುಟಿ ಸುಮ್ಮನಾಗಿಸಿದರು.

ಹುಡುಗಿ ಒಳಗೆ ಹೋಗಿ, ಗೋಡೆಯ ಮೊಳೆಯಿಂದ ಏನನ್ನೋ ತೆಗೆದುಕೊಂಡು ಬಂದು ಅವನತ್ತ ಚಾಚಿದಳು.

"ಗೋಡೆ ಒಡೆಯೋವಾಗ ಚೂರು ಹಾರುತ್ತೆ," ಎಂದಳು. "ಮೊದಲು ಈ ಕನ್ನಡಕ ಹಾಕ್ಕೊಳ್ಳಿ ಅಣ್ಣ."