ಇಳಿಸಿ ಅಂದರೆ...

"ಅಮ್ಮನ್ನ ಮೇಲೆ ತಗೊಳ್ಳಿ... ಹೌದು, ನಮ್ಮಮ್ಮನ್ನೇ. ಆ ಬೈಕ್ ಹುಡುಗನ್ನ ಇಳಿಸಿ."

ಲಿಫ್ಟಿನ ಪಕ್ಕ ನಿಂತು ಫೋನಿನಲ್ಲಿ ಹೀಗೆ ಹೇಳಿದವನು ಹಸಿರು ಟೋಪಿಯ ಡಾಕ್ಟರ್. ಕೇಳಿಸಿಕೊಂಡವಳು ಆ ಬೈಕ್ ಹುಡುಗನ ಅಕ್ಕ.



ಬೆಳಿಗ್ಗೆ ಕಾಲೇಜಿಗೆ ಹೊರಟ ತಮ್ಮ ಲಾರಿಗೆ ಗುದ್ದಿಕೊಂಡು ಬಿದ್ದಿದ್ದ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಕೂಡಲೇ ಆಪರೇಷನ್ ಆಗಬೇಕು ಎಂದಿದ್ದರು. ಆ 'ಕೂಡಲೇ' ಈಗ ಮಧ್ಯಾಹ್ನದವರೆಗೂ ಎಳೆದಿತ್ತು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನಡೆಯುತ್ತಿದ್ದದ್ದು ಒಂದೇ ಆಪರೇಷನ್ ಥಿಯೇಟರ್. ಇನ್ನೊಂದಕ್ಕೆ ಚಾವಣಿ ಸೋರಿ ಬೀಗ ಬಿದ್ದಿತ್ತು, ಮತ್ತೊಂದಕ್ಕೆ ನರ್ಸುಗಳೇ ಇರಲಿಲ್ಲ.

'ಲಿಸ್ಟಲ್ಲಿ ನಿಮ್ಮ ತಮ್ಮನ್ನ ಮೇಲೆ ಹಾಕಿದೀವಿ' ಎಂದು ಸಿಸ್ಟರ್ ಹೇಳಿದ್ದ ಒಂದು ಮಾತನ್ನೇ ಹಿಡಿದುಕೊಂಡು ಅವಳು ಕೂತಿದ್ದಳು.

ಈಗ ಆ ಜಾಗಕ್ಕೆ ಡಾಕ್ಟರ ತಾಯಿ ಬಂದರು... ನನ್ನ ತಮ್ಮನನ್ನು ಇಳಿಸಿಬಿಟ್ಟರು.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಗಂಟಲು ದೊಡ್ಡದು, ಅದಕ್ಕೇ ತಮ್ಮ 'ಹಾರ್ನ್' ಎಂದು ಕರೆಯುವುದು.  ಹೋಗಿ ಆ ಡಾಕ್ಟರನ ತೋಳು ಹಿಡಿದಳು.

"ನಿಮ್ಮಮ್ಮ ಬದುಕಬೇಕು, ನನ್ನ ತಮ್ಮ ಸಾಯಬೇಕು. ಅಷ್ಟೇ ತಾನೇ ಡಾಕ್ಟ್ರೇ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. 

"ಕೈ ಬಿಡಿ. ಟೈಮಿಲ್ಲ."

"ಹೆತ್ತ ತಾಯಿಗೊಂದು ನ್ಯಾಯ, ಕಂಡವರ ಮಕ್ಕಳಿಗೊಂದು ನ್ಯಾಯ. ನಿಮ್ಮ ಮುಖ ನೋಡೋಕೂ ಅಸಹ್ಯ ಆಗುತ್ತೆ."

ಅವನು ತೋಳು ಬಿಡಿಸಿಕೊಂಡು ಮೆಟ್ಟಿಲಿಳಿದು ಓಡಿದ.

ಅಷ್ಟರಲ್ಲಿ ಹಿಂದಿನಿಂದ ಗಾಲಿಗಳ ಸದ್ದು ಕೇಳಿತು. ತಮ್ಮನ ಸ್ಟ್ರೆಚರ್ ಅವಳ ಮುಂದೆಯೇ ಬಂದು ನಿಂತಿತು.

"ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರಾ?"

"ಆಪರೇಷನ್ನಿಗೆ ಅಕ್ಕಾ. ಇಳಿಸಿ ಅಂತ ಫೋನ್ ಬಂತಲ್ಲ," ಎಂದ ಸ್ಟ್ರೆಚರ್ ತಳ್ಳುವವನು. "ಥಿಯೇಟರ್ ಇರೋದು ನೆಲಮಾಳಿಗೇಲಿ. ಇಳಿಸೋದು ಅಂದ್ರೆ ಅಲ್ಲಿಗೆ. ಮೇಲೆ ತಗೊಳ್ಳೋದು ಅಂದ್ರೆ ವಾಪಸ್ ವಾರ್ಡಿಗೆ."

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಇನ್ನೊಂದು ಸ್ಟ್ರೆಚರ್ ಇತ್ತು. ಅದರ ಮೇಲೆ ಆಪರೇಷನ್ನಿಗೆಂದು ಹಸಿರು ನಿಲುವಂಗಿ ತೊಟ್ಟು ಸಿದ್ಧವಾಗಿದ್ದ ವಯಸ್ಸಾದ ಹೆಂಗಸು.

"ಅದೇ, ಫೋನ್ ಮಾಡಿದ ನಮ್ಮ ಜೋಗುಳ ಡಾಕ್ಟ್ರ ತಾಯಿ," ಎಂದು ಅವನು ಪಿಸುಗುಟ್ಟಿದ. "ಆಪರೇಷನ್ನಿಗೆ ಮುಂಚೆ ಇಂಜೆಕ್ಷನ್ ಕೊಟ್ಟು ಎಲ್ಲರನ್ನೂ ಮಲಗಿಸ್ತಾರಲ್ಲ, ಅದಕ್ಕೇ ಆ ಹೆಸರು. ಅಮ್ಮನಿಗೆ ಸೊಂಟದ ಮೂಳೆ ಮುರಿದಿದೆ, ಇವತ್ತಿನ ಸರದಿ ಮೊದಲೇ ಗೊತ್ತಾಗಿತ್ತು. ಪಾಪ, ಬಾಗಿಲವರೆಗೂ ಹೋಗಿ ವಾಪಸ್ ಬರೋದೇ ಆಯ್ತು."

ಆ ತಾಯಿ ನೋವಿನಲ್ಲೂ ಕೈ ಚಾಚಿ ತಮ್ಮನ ಹಣೆ ಮುಟ್ಟಿದರು. "ಹೋಗಿ ಬಾ ಮಗು."

ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾನು ಏನಂದೆ ಆ ಡಾಕ್ಟರಿಗೆ... ಅಯ್ಯೋ, ಏನಂದುಬಿಟ್ಟೆ!

ಸಂಜೆಗೆ ಆ ಡಾಕ್ಟರನೇ ಹೊರಗೆ ಬಂದು, "ನಿಮ್ಮ ತಮ್ಮ ಬದುಕಿಕೊಂಡ," ಎಂದ. ಅಷ್ಟು ಹೇಳಿ ತಿರುಗಿ ಹೊರಟ. ಕ್ಷಮಿಸಿ ಎನ್ನಲು ಅವಳು ಎದ್ದು ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

ಮರುದಿನ ಇನ್ನೊಂದು ಬರಸಿಡಿಲು ಬಡಿಯಿತು. ಮಲಗಿದಲ್ಲೇ ಇದ್ದ ಆ ತಾಯಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು. ಆಪರೇಷನ್ ಮತ್ತೆ ಮುಂದಕ್ಕೆ ಹೋಗಿತ್ತು.

ಅವಳು ಅವರ ಹಾಸಿಗೆಯ ಬಳಿ ಹೋಗಿ ಅತ್ತುಬಿಟ್ಟಳು.

"ಕಣ್ಣೀರು ಸುರಿಸೋಕೆ ಬಂದ್ಯಾ? ಮೊದಲು ಆ ದಿಂಬು ಸರಿ ಮಾಡು," ಎಂದರು ತಾಯಿ.

ಅವಳು ದಿಂಬು ಸರಿ ಮಾಡಿದಳು. ಮರುದಿನವೂ ಬಂದಳು. ಜ್ವರ ಇಳಿದು ಆಪರೇಷನ್ ಮುಗಿಯುವವರೆಗೂ, ಮುಗಿದ ಮೇಲೂ, ತಮ್ಮನ ವಾರ್ಡಿಗೂ ಈ ವಾರ್ಡಿಗೂ ಓಡಾಡಿದಳು. ಮಗ ಬಂದರೆ ಮಾತ್ರ ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದಳು.

ಒಂದು ದಿನ ಅವನೇ ಬಾಗಿಲಿಗೆ ಅಡ್ಡ ನಿಂತ.

"ನನ್ನ ಮುಖ ನೋಡೋಕೆ ಇನ್ನೂ ಅಸಹ್ಯಾನಾ?"

ಅವಳು ತಲೆ ಎತ್ತಿದಳು. "ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ನಿಮ್ಮ ತಮ್ಮನಿಗೆ ರಕ್ತ ಸೋರ್ತಿತ್ತು. ನಿಮಗೆ ಅರ್ಥ ಮಾಡಿಸ್ತಾ ನಿಂತಿದ್ರೆ ಅವನು ಉಳೀತಿರಲಿಲ್ಲ." ಅವನು ತಾಯಿಯ ಹಾಸಿಗೆಯ ಕಡೆ ನೋಡಿದ. "ಮೂರೂ ಥಿಯೇಟರ್ ನಡೀತಿದ್ರೆ ನಾನು ಅಮ್ಮನ್ನ ವಾಪಸ್ ಕಳಿಸಬೇಕಾಗಿರಲಿಲ್ಲ. ಆಪರೇಷನ್ ತಡವಾಗಿದ್ದಕ್ಕೆ ಅವರು ಇನ್ನು ಕೋಲಿಲ್ಲದೆ ನಡೆಯಲ್ಲ. ಅದು ನನ್ನ ಕೈಯಾರೆ ಆಗಿದ್ದು... ಯಾರ ಹತ್ರ ಹೇಳ್ಕೊಳ್ಳಲಿ?"

"ನನ್ನ ಹತ್ರ," ಎಂದಳು. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

ತಾಯಿ ಮನೆಗೆ ಹೊರಟ ದಿನ ಅವಳೇ ಡ್ರೈವಿಂಗ್ ಸ್ಕೂಲಿನ ಕಾರು ತಂದಳು. ತಾಯಿ ಕೋಲಿನೊಂದಿಗೆ ಹಿಂದೆ ಕೂತರು, ಮಗ ಮುಂದೆ.

"ಅದು ನಾನು ಕೂತು ಕಲಿಸೋ ಸೀಟು. ಕಾಲಡಿ ಇನ್ನೊಂದು ಬ್ರೇಕ್ ಇದೆ, ತುಳಿದುಬಿಟ್ಟೀರ, ಜೋಕೆ," ಎಂದಳು.

 ಮನೆಯ ತಿರುವು ಬಂದಾಗ ಅವಳು ಕೇಳಿದಳು.

"ನಿಮಗೆ ಡ್ಯೂಟಿ ಇದೆಯಲ್ಲ. ಅಮ್ಮನ್ನ ಬಿಟ್ಟು ಬಂದ ಮೇಲೆ ನಿಮ್ಮನ್ನ ಎಲ್ಲಿ ಇಳಿಸಲಿ?"

"ಇಳಿಸಬೇಡಿ."

ಕಾರು ಗಕ್ಕನೆ ನಿಂತಿತು.

"ಬ್ರೇಕ್ ತುಳಿದಿದ್ದು ನಾನಲ್ಲ," ಎಂದ ಅವನು.

ಅವಳು ಸ್ಟಿಯರಿಂಗ್ ಬಿಗಿಯಾಗಿ ಹಿಡಿದಿದ್ದಳು. "ಇಳಿಸಬೇಡಿ ಅಂದ್ರೆ... ಆಸ್ಪತ್ರೆ ಭಾಷೇಲಾ, ನಮ್ಮ ಭಾಷೇಲಾ? ನಾನೊಂದು ಸಲ ತಪ್ಪು ತಿಳ್ಕೊಂಡಿದ್ದೇ ಸಾಕು."

"ನಿಮ್ಮ ಭಾಷೇಲಿ. ಬದುಕಿರೋವರೆಗೂ ಈ ಸೀಟು ನಂಗಿರಲಿ ಅಂತ."

ಹಿಂದೆ ಕೂತಿದ್ದ ತಾಯಿ ಕೋಲಿನಿಂದ ಸೀಟಿಗೆ ಮೆಲ್ಲಗೆ ತಟ್ಟಿದರು. "ಉತ್ತರ ಕೊಡೇ ಹುಡುಗಿ. ನಂಗೆ ಸೊಂಟ ನೋಯ್ತಿದೆ."

ಅವಳ ಕಣ್ಣು ತುಂಬಿತು. ಅವನ ಕಡೆ ನೋಡದೆಯೇ ಕಾರು ಮತ್ತೆ ಚಾಲೂ ಮಾಡಿದಳು.

"ಬೆಲ್ಟ್ ಹಾಕ್ಕೊಳಿ," ಎಂದಳು. "ತುಂಬಾ ದೂರ ಹೋಗಬೇಕು."