ಆಕಿ ಹ್ಯಾಂಗದಾಳ?

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ ಹಿರಿಯರು. ಆದರೆ ಶಮಶಾದಬಿ ಹೇಳಿದ ಒಂದು ಸುಳ್ಳು ಎರಡು ವರ್ಷ, ತಿಂಗಳಿಗೊಮ್ಮೆ ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತಿ, ಗದಗಿನಲ್ಲಿ ರೈಲು ಹತ್ತಿ, ಬಳ್ಳಾರಿಯ ಜೈಲಿನ ತನಕ ಹೋಗಿ ಬಂದಿತು.

ಅದು ಹುಟ್ಟಿದ್ದು ಎಪ್ಪತ್ತೇಳರ ಬೇಸಿಗೆಯಲ್ಲಿ, ಜೈಲಿನ ಕಿಟಕಿಯ ಮುಂದೆ. ಗುಮಾಸ್ತ ಪ್ರಹ್ಲಾದರಾಯರು ಕನ್ನಡಕದ ಮೇಲಿನಿಂದ ನೋಡಿ, "ಖೈದಿಗೆ ನೀವು ಏನಾಗಬೇಕು?" ಎಂದು ಕೇಳಿದ್ದರು.

"ತಾಯಿ ರೀ," ಎಂದಳು ಶಮಶಾದಬಿ.

"ಈ ಹುಡುಗಿ?"

ರೋಶನಬಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಖೈದಿ ದಾದಾಪೀರನಿಗೂ ಅವಳಿಗೂ ಮಾತಾಗಿ, ಓಣಿಗೆಲ್ಲ ಸಕ್ಕರೆ ಹಂಚಿಯಾಗಿತ್ತು. ನಿಕಾ ಮಾತ್ರ ಆಗಿರಲಿಲ್ಲ.

"ಮನಿಯವರಿಗಷ್ಟ ಒಳಗ ಬಿಡೋದು," ಎಂದರು ರಾಯರು.

"ನನ್ನ ಮಗಳ್ರೀ." ಶಮಶಾದಬಿ ಕಣ್ಣು ಮಿಟುಕಿಸಲಿಲ್ಲ. ರಾಯರು ದಪ್ಪ ಪುಸ್ತಕದಲ್ಲಿ ಬರೆದುಕೊಂಡರು: ರೋಶನಬಿ, ತಂಗಿ.

"ಜೈಲಿನ್ಯಾಗ ಮಗಳು, ಮನ್ಯಾಗ ಸೊಸಿ. ಒಬ್ಬಾಕಿ ಬೇಡಿದ್ರ ಅಲ್ಲಾ ಇಬ್ಬರನ್ನ ಕೊಟ್ಟ ನೋಡು," ಎಂದು ರೈಲಿನಲ್ಲಿ ನಕ್ಕಳು ಶಮಶಾದಬಿ. ಹೊಸಪೇಟೆ ದಾಟುವಷ್ಟರಲ್ಲಿ ಅಳುತ್ತಿದ್ದಳು.

ದಾದಾಪೀರ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಬಿಲ್ಲಿನ ತಂತಿಯನ್ನು ಕೊಡತಿಯಿಂದ ಬಡಿದನೆಂದರೆ ಹತ್ತಿ ಮೋಡವಾಗಿ ಏಳುತ್ತಿತ್ತು. ಶಿರಹಟ್ಟಿಯ ಸಂತೆಯಲ್ಲಿ ಒಬ್ಬ ಅವನ ಸತ್ತ ತಂದೆಯನ್ನು ಬೈದ. ಸಿಟ್ಟಿನ ಒಂದು ಗಳಿಗೆ. ಹತ್ತಿಯನ್ನಷ್ಟೇ ಬಡಿದು ಗೊತ್ತಿದ್ದ ಕೊಡತಿ ಮೇಲೆದ್ದಿತು. ಬೈದವನು ಮೂರನೆಯ ದಿನ ತೀರಿಕೊಂಡ. ಕೋರ್ಟಿನಲ್ಲಿ ಕೇಳಿದಾಗ ದಾದಾಪೀರ ಇಲ್ಲವೆನ್ನಲಿಲ್ಲ. ಏಳು ವರ್ಷ ಶಿಕ್ಷೆಯಾಯಿತು.

ಶಮಶಾದಬಿ ಪ್ರತಿ ಶುಕ್ರವಾರ ದುವಾ ಕೇಳುವಾಗ ಸತ್ತವನ ಹೆಸರನ್ನು ಮೊದಲು ಹೇಳುತ್ತಿದ್ದಳು. ಮಗನ ಹೆಸರು ಆಮೇಲೆ.

ಜೈಲಿನೊಳಗೆ ಖೈದಿಗೂ ನೋಡಲು ಬಂದವರಿಗೂ ನಡುವೆ ಎರಡು ಕಬ್ಬಿಣದ ಜಾಳಿಗೆಗಳು. ಅವುಗಳ ನಡುವೆ ಒಬ್ಬ ಕಾವಲುಗಾರ ಅಡ್ಡಾಡುವಷ್ಟು ಜಾಗ. ಅವನ ಕಿವಿಗೆ ಬೀಳುವಂತೆ ಅಣ್ಣ ತಂಗಿಯೊಡನೆ ಏನು ಮಾತಾಡಿಯಾನು? ಮೊದಲ ಸಲ ದಾದಾಪೀರ ಬೆವೆತುಹೋದ. ಕೊನೆಗೆ ನೆಲ ನೋಡುತ್ತ ಕೇಳಿದ:

"ಊರಾಗ ಆಕಿ ಹ್ಯಾಂಗದಾಳ?"

"ಯಾರು?"

"ಆ ಬೇವಿನ ಗಿಡದ ಮನಿಯಾಕಿ. ಗಲ್ಲದ ಮ್ಯಾಲೆ ಮಚ್ಚಿ ಇದ್ದಾಕಿ."

ರೋಶನಬಿಯ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು. "ಆಕೀನ? ಅದಾಳ. ಮದುವಿಗಂತ ಹಳೀ ಸೀರಿ ಕೂಡಿಸಿ ಕೌದಿ ಹೊಲಿಯಾಕತ್ತಾಳ."

"ಸೊಕ್ಕು ಇಳದೈತೋ ಇಲ್ಲೋ?"

"ಎಲ್ಲಿಂದ ಇಳೀತೈತಿ! ಯಾರೋ ಒಬ್ಬಾಂವ ಜೈಲಿನ್ಯಾಗ ಕುಂತು ಆಕಿ ಸುದ್ದಿ ಕೇಳ್ತಾನಂತ."

ದಾದಾಪೀರ ಕಣ್ಣೆತ್ತಿದ. ಜಾಳಿಗೆಯ ಒಂದು ಕಿಂಡಿಯಲ್ಲಿ ಅವನ ಒಂದು ಕಣ್ಣು, ಇನ್ನೊಂದು ಕಿಂಡಿಯಲ್ಲಿ ನಗೆಯ ಒಂದು ಅಂಚು. ಅಷ್ಟನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಅವಳು ತಿಂಗಳು ಕಳೆಯುತ್ತಿದ್ದಳು.

ತಿಂಗಳು ತಿಂಗಳೂ ಅದೇ ಪ್ರಶ್ನೆ. ಕಾವಲುಗಾರನಿಗೂ ಆ ಕಾಣದ ಹುಡುಗಿಯ ಮೇಲೆ ಅಕ್ಕರೆ ಬಂದಿತು. "ಅಲ್ಲಲೇ ದಾದಾಪೀರ, ಯಾರದೋ ಸುದ್ದಿ ಹೇಳಾಕ ನಿನ್ನ ತಂಗಿ ಯಾಕಿಷ್ಟು ನಾಚ್ತಾಳ?" ಎಂದು ಒಮ್ಮೆ ಕೇಳಿಯೂ ಬಿಟ್ಟ.

ಎರಡನೆಯ ವರ್ಷದ ಚಳಿಗಾಲದಲ್ಲಿ ಶಮಶಾದಬಿ ಹಾಸಿಗೆ ಹಿಡಿದಳು. ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ರೋಶನಬಿಯ ತಂದೆ ಖಾಜಾಸಾಬ ಮುಂಡರಗಿಯಲ್ಲೊಂದು ಗಂಡು ನೋಡಿದ. ಹೆಂಡತಿ ಸತ್ತವ, ಸ್ವಂತ ಅಂಗಡಿಯವ. ಓಣಿಯ ಮುದುಕಿ ಲಾಲಬಿಯನ್ನು ಜೊತೆ ಮಾಡಿಕೊಂಡು ರೋಶನಬಿ ಬಳ್ಳಾರಿಗೆ ಬಂದಳು. ಎರಡೂ ಸುದ್ದಿ ಹೇಳಿದಳು.

ದಾದಾಪೀರ ತಲೆ ತಗ್ಗಿಸಿದ. ಆಮೇಲೆ ಅಂದ, "ಆಕಿಗೆ ಹೇಳು. ಆ ಮುಂಡರಗಿಯವನ್ನ ಮಾಡ್ಕೋ ಅಂತ ಹೇಳು."

"ನೀನ ಹೇಳು."

"ಆಕಿ ಇಲ್ಲೆಲ್ಲಿ ಅದಾಳ?"

ಅವನು ತಲೆ ಎತ್ತಲಿಲ್ಲ. ಭೇಟಿ ಮುಗಿಯುವ ಗಂಟೆ ಬಡಿಯಿತು.

ಹೊರಬಂದವಳೇ ರೋಶನಬಿ ಕಿಟಕಿಗೆ ಹೋದಳು. "ರಾಯರ, ತಾಯಿ ಸಾಯಾಕತ್ತಾರ್ರೀ. ಮಗನ್ನ ಒಂದು ದಿನ ಬಿಡ್ತೀರೇನ್ರಿ?"

"ಅರ್ಜಿ ಹಾಕಬಹುದು. ಅದು ನಿಮ್ಮೂರ ಠಾಣೆಗೆ ಹೋಗ್ತದ. ಅವರು ಮನಿಗೆ ಬಂದು ಯಾರ್ಯಾರು ಇದ್ದೀರಿ ಅಂತ ವಿಚಾರಿಸ್ತಾರ. ಇಲ್ಲಿ ಬರದದ್ದು ಅಲ್ಲಿ ಕಂಡದ್ದು ಕೂಡಿದ್ರ ಆತು. ಕೂಡದಿದ್ರ ಅರ್ಜಿ ಅಲ್ಲೇ ಬಿದ್ದಹಾಂಗ."

ರೋಶನಬಿ ಕಿಟಕಿಯ ಸರಳು ಹಿಡಿದುಕೊಂಡಳು. ಬಾಯಿ ಮುಚ್ಚಿದರೆ ತಿಂಗಳಿಗೊಮ್ಮೆ ಆ ಜಾಳಿಗೆ ಅವಳದು. ತೆರೆದರೆ ತಾಯಿಗೆ ಮಗನ ಮುಖ. ಎರಡೂ ಬೇಕೆಂದು ದೇವರಲ್ಲಿ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

"ನಾ ತಂಗಿ ಅಲ್ರೀ."

ರಾಯರು ಪೆನ್ನು ಕೆಳಗಿಟ್ಟರು. ಅವಳು ಎಲ್ಲವನ್ನೂ ಹೇಳಿದಳು.

"ಎರಡು ವರ್ಷ ನನ್ನ ಕಣ್ಣಾಗ ಮಣ್ಣು ಹಾಕೀರಲ್ಲವಾ," ಎಂದರು ರಾಯರು. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ದನಿಯಲ್ಲಿ. "ನಿನ್ನ ಬಾಯಿಲೆ ಖರೆ ಬಂತು, ಹಾಂಗಂತ ಬರದು ಅರ್ಜಿ ಕಳಸ್ತೀನಿ. ಆದ್ರ ಇನ್ನ ನೀ ಒಳಗ ಹೋಗೂಹಾಂಗಿಲ್ಲ. ಮಾತಾದ ಹುಡುಗಿ ಅಂತ ಬರೀಲಿಕ್ಕೆ ಈ ಪುಸ್ತಕದಾಗ ಜಾಗಾ ಇಲ್ಲ."

ಹದಿನೆಂಟನೆಯ ದಿನ ಮಧ್ಯಾಹ್ನ ದಾದಾಪೀರ ಲಕ್ಷ್ಮೇಶ್ವರದಲ್ಲಿ ಬಸ್ಸಿಳಿದ. ಎರಡೂ ಮಗ್ಗುಲಿಗೆ ಪೊಲೀಸರು. ಸಂಜೆಯ ಬಸ್ಸಿಗೆ ಹಿಂದಿರುಗಬೇಕಿತ್ತು. ಶಮಶಾದಬಿ ಮಗನ ಮಣಿಕಟ್ಟಿನ ಬೇಡಿಯ ಗುರುತನ್ನು ಬೆರಳಿನಿಂದ ಸವರುತ್ತ, ಖಾಜಾಸಾಬನನ್ನು ಕರೆಸಿದಳು.

"ಭಾಯಿ, ನಿಮ್ಮ ಮಗಳನ್ನ ನನ್ನ ಮಗಳು ಅಂತ ಸರಕಾರಕ್ಕ ಸುಳ್ಳ ಹೇಳಿದಾಕಿ ನಾನು. ಆ ಸುಳ್ಳು ಹೊತಗೊಂಡು ಗೋರಿಗೆ ಹ್ಯಾಂಗ ಹೋಗ್ಲಿ? ಇವತ್ತ ನಿಕಾ ಮಾಡಿ ಅದನ್ನ ಖರೆ ಮಾಡಿಕೊಡ್ರಿ."

"ಶಿಕ್ಷಾ ಇನ್ನೂ ಐದು ವರ್ಷ ಐತಿ ಅಕ್ಕಾ. ಖೂನಿ ಮಾಡಿದವ. ನನ್ನ ಮಗಳು ಏನು ನೋಡ್ಕೋತ ಕುಂಡ್ರಬೇಕು?"

ಪರದೆಯ ಹಿಂದಿನಿಂದ ರೋಶನಬಿಯ ದನಿ ಬಂದಿತು. "ಜಾಳಿಗಿ ನೋಡ್ಕೋತ ಕುಂಡ್ರತೇನ್ರಿ, ಅಬ್ಬಾ."

ಖಾಜಾಸಾಬ ಗೋಡೆಗೆ ಒರಗಿ ಕುಳಿತ. ಸಾಯುವವಳ ಮುಖ ನೋಡಿದ, ಪರದೆಯ ಕಡೆ ನೋಡಿದ. "ಕಾಜಿಯವರನ್ನ ಕರೀರಿ," ಎಂದ.

ಸಾಕ್ಷಿಗೆ ಪಕ್ಕದ ಮನೆಯ ಅಬ್ದುಲಗನಿ ಬಂದ. ಇನ್ನೊಬ್ಬರು? ಕಾವಲಿಗೆ ಬಂದ ಪೊಲೀಸ್ ಬುಡ್ಡೇಸಾಬ, "ನಾ ಡ್ಯೂಟಿ ಮ್ಯಾಲಿದ್ದೇನ್ರಿ," ಎಂದವನು, ಸರಕಾರದ ಟೋಪಿ ತೆಗೆದಿಟ್ಟು ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದು ಕುಳಿತ. ಪರದೆಯ ಬಳಿ ಮೂರು ಸಲ ಕೇಳಿದರು. ಮೂರು ಸಲವೂ ರೋಶನಬಿ ಕಬೂಲ್ ಎಂದಳು. ಮದುಮಕ್ಕಳು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವ ಮೊದಲೇ ಬಸ್ಸಿನ ಹೊತ್ತಾಯಿತು.

ನಾಲ್ಕನೆಯ ದಿನ ಶಮಶಾದಬಿ ಕಣ್ಣು ಮುಚ್ಚಿದಳು. ಕೊನೆಯ ನೀರು ಹಾಕಿದವಳು ಸೊಸೆ.

ಮುಂದಿನ ತಿಂಗಳು ಕಿಟಕಿಯಲ್ಲಿ ರಾಯರು ಕಾಜಿ ಬರೆದುಕೊಟ್ಟ ಕಾಗದವನ್ನು ಎರಡು ಸಲ ಓದಿದರು. ಒಳಗೆ ಹೋಗಿ ಮೇಲಿನವರ ರುಜು ತಂದರು. ಎಲ್ಲ ಗೊತ್ತಿದ್ದೂ ಕೇಳಿದರು, "ಖೈದಿಗೆ ಏನಾಗಬೇಕು?"

"ಹೆಂಡತಿ ರೀ."

ಕೆಂಪು ಶಾಯಿಯ ಒಂದು ಗೆರೆ ಪುಸ್ತಕದಲ್ಲಿನ ತಂಗಿ ಎಂಬ ಪದವನ್ನು ಹೊಡೆದುಹಾಕಿತು.

ದಾದಾಪೀರ ಅವಳ ಬೆನ್ನ ಹಿಂದೆ ನೋಡಿದ. ಅಲ್ಲಿ ಲಾಲಬಿ ಒಬ್ಬಳೇ ಇದ್ದಳು. ರೋಶನಬಿಯ ಕೈಯಲ್ಲಿ ತಾಯಿಯ ಜಪದ ತಸಬೀಮಾಲೆ ಕಂಡಿತು. ತಾಯಿ ಹೋದಳೆಂದು ತಿಳಿಯಿತು. ಅವನು ಜಾಳಿಗೆಗೆ ಹಣೆಯೊತ್ತಿ ಅತ್ತ. ಕಾವಲುಗಾರ ಗೋಡೆಯ ಕಡೆ ಮುಖ ಮಾಡಿ ನಿಂತ.

ಮುಖವೆತ್ತಿ ದಾದಾಪೀರ ಕೇಳಿದ, "ನೀ... ನೀ ಹ್ಯಾಂಗದೀ?"

ಎರಡು ವರ್ಷ ಆಕೆಯ ಸುದ್ದಿಯನ್ನು ಅರಳು ಹುರಿದಂತೆ ಹೇಳಿದವಳಿಗೆ ಈಗ ನಾನು ಎಂದು ತನ್ನ ಸುದ್ದಿ ಹೇಳಲು ನಾಚಿಕೆಯಾಯಿತು. ಸೆರಗನ್ನು ಮುಂದಕ್ಕೆಳೆದುಕೊಂಡಳು. ಅವನಿಗೆ ಅರ್ಥವಾಯಿತು. ಕಣ್ಣೊರೆಸಿಕೊಂಡು, ಹಳೆಯ ದಾರಿಯಲ್ಲೇ ಬಂದ.

"ಆಕಿ ಹ್ಯಾಂಗದಾಳ?"

"ಅದಾಳ," ಎಂದಳು ರೋಶನಬಿ. "ಕೌದಿ ಮುಗಿಸ್ಯಾಳ. ಹಾಸಾಕ ಇನ್ನೂ ಐದು ವರ್ಷ ಐತೆಲ್ಲಾ, ಅದಕ್ಕ ಅತ್ತಿಯ ಸೀರಿ ಕೂಡಿಸಿ ಮತ್ತೊಂದು ಹಿಡದಾಳ."